ಬಂಡೆ ಮೇಲೆ ಸಿಕ್ಕಿಬಿದ್ದವರನ್ನು ಎತ್ತುವ ಪೈಲಟ್ ಆಗುವುದು ಹೇಗೆ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಕಾರ್ಖಾನೆ ಶುರುವಾದ ಮೇಲೆ ತುಮಕೂರು ಕಡೆಯ ಪಿಯುಸಿ ಮಕ್ಕಳು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ: "ಅಲ್ಲೇ ಹೆಲಿಕಾಪ್ಟರ್ ಓಡಿಸೋದೂ ಕಲಿಸ್ತಾರಾ ಸಾರ್?" ಇಲ್ಲ. ಅಲ್ಲಿ ಹೆಲಿಕಾಪ್ಟರ್ ಕಟ್ಟುತ್ತಾರೆ, ಅಷ್ಟೇ. 615 ಎಕರೆಯ ಆ ಜಾಗಕ್ಕೆ 2016ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು, 2023ರ ಫೆಬ್ರವರಿ 6ರಂದು ಉದ್ಘಾಟನೆಯೂ ಆಯಿತು. ಮೊದಲಿಗೆ ಅಲ್ಲಿ ಕಟ್ಟಲು ನಿಗದಿಯಾಗಿರುವುದು ಮೂರು ಟನ್ ದರ್ಜೆಯ ಎಲ್‌ಯುಎಚ್ ಎಂಬ ಲಘು ಹೆಲಿಕಾಪ್ಟರ್. ಹಾರಿಸುವುದನ್ನು ಕಲಿಯಲು ಊರು ಬಿಟ್ಟು ಹೋಗಲೇಬೇಕು.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಬೆಟ್ಟದಲ್ಲಿ, ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ಎತ್ತಿಕೊಂಡು ಬರುತ್ತಾರಲ್ಲ, ಆ ರೆಸ್ಕ್ಯೂ ಪೈಲಟ್ ಕೋರ್ಸ್ ಎಲ್ಲಿದೆ? ಪಿಯುಸಿ ಮುಗಿಸಿ ನೇರವಾಗಿ ಸೇರುವಂಥ ಕೋರ್ಸ್ ನಮ್ಮ ದೇಶದಲ್ಲಿ ಇಲ್ಲ. ಮೊದಲು ಹೆಲಿಕಾಪ್ಟರ್ ಪೈಲಟ್ ಆಗಬೇಕು. ಆಮೇಲೆ ಹಿರಿಯರ ಪಕ್ಕ ಕೂತು ವರ್ಷಗಟ್ಟಲೆ ಹಾರಬೇಕು. ರಕ್ಷಣೆಯ ಕೆಲಸ ಅದರ ಮೇಲೆ ಕೂರುವ ಇನ್ನೊಂದು ಪದರ. ಇಷ್ಟು ತಡ ಯಾಕೆ ಅನ್ನುವುದು ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ನೋಡುವುದಕ್ಕೆ ದೂರವೇನೂ ಹೋಗಬೇಕಾಗಿಲ್ಲ, ನಂದಿಬೆಟ್ಟ ಸಾಕು.

2022ರ ಫೆಬ್ರವರಿ 20, ಭಾನುವಾರ. ನಂದಿಯ ಬ್ರಹ್ಮಗಿರಿ ಬಂಡೆಗಳ ಕಡೆ ಚಾರಣಕ್ಕೆ ಬಂದಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬ ಕಾಲು ಜಾರಿ ಸುಮಾರು 300 ಅಡಿ ಕೆಳಗೆ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಕೆಳಗಿನಿಂದ ಹತ್ತಿ ತಲುಪುವುದು ರಕ್ಷಣಾ ತಂಡದವರಿಗೆ ಕಷ್ಟವಾಯಿತು. ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿ ಯಲಹಂಕ ವಾಯುನೆಲೆಯ ಸಹಾಯ ಕೇಳಿದರು. ಅಲ್ಲಿಂದ ಎಂಐ-17 ಹೆಲಿಕಾಪ್ಟರ್ ಬಂತು. ಹುಡುಗ ಎಲ್ಲಿದ್ದಾನೆ ಅಂತ ಪತ್ತೆ ಹಚ್ಚುವುದೇ ಮೊದಲ ಕೆಲಸ. ಸ್ಥಳೀಯ ಪೊಲೀಸರು ದಾರಿ ತೋರಿಸಿದರು. ಇಳಿಯಲು ಜಾಗವಿರಲಿಲ್ಲ. ಹೆಲಿಕಾಪ್ಟರ್ ಗಾಳಿಯಲ್ಲೇ ನಿಂತಿತು. ಹೆಲಿಕಾಪ್ಟರ್ ತಂಡದ ಫ್ಲೈಟ್ ಗನ್ನರ್ ಒಬ್ಬರನ್ನು ವಿಂಚ್‌ನ, ಅಂದರೆ ರಾಟೆಯಂತೆ ಇಳಿಸಿ ಎತ್ತುವ ಯಂತ್ರದ, ತಂತಿಯಲ್ಲಿ ಕೆಳಗಿಳಿಸಿ, ಹುಡುಗನನ್ನು ಮೇಲೆ ಎತ್ತಿದರು.

ಇಲ್ಲೊಂದು ವಿಷಯ ಗಮನಿಸಿ. ಹೆಲಿಕಾಪ್ಟರ್ ಬೇಕು ಅಂತ ನಾವು ನೀವು ಫೋನ್ ಮಾಡಿ ಕರೆಸಲು ಆಗುವುದಿಲ್ಲ. ಜಿಲ್ಲಾಡಳಿತ ಕೇಳಬೇಕು, ಆಗ ಸೇನೆ ಬರುತ್ತದೆ. ಅಂದರೆ ನಮ್ಮ ಕಡೆ ಬೆಟ್ಟದ ಮೇಲೆ ಬಂದು ನಿಲ್ಲುವ ಪೈಲಟ್ ಬಹುಮಟ್ಟಿಗೆ ಸಮವಸ್ತ್ರದಲ್ಲೇ ಇರುತ್ತಾನೆ. ರಕ್ಷಣೆ ಅವನ ಹಲವು ಕೆಲಸಗಳಲ್ಲಿ ಒಂದು.

ಈಗ ಆ "ಗಾಳಿಯಲ್ಲೇ ನಿಂತಿತು" ಅನ್ನುವ ಮಾತಿಗೆ ಬರೋಣ. ಹೇಳಲು ಎರಡೇ ಪದ, ಮಾಡಲು ಎರಡು ಕೈ, ಎರಡು ಕಾಲು ಬೇಕು. ಎಡಗೈಯಲ್ಲಿ ಕಲೆಕ್ಟಿವ್ ಎಂಬ ಹಿಡಿ. ಅದನ್ನು ಎತ್ತಿದರೆ ರೋಟರ್‌ನ, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆಯ, ಎಲ್ಲ ಅಲಗುಗಳ ಓರೆ ಒಟ್ಟಿಗೆ ಹೆಚ್ಚಾಗಿ ಹೆಲಿಕಾಪ್ಟರ್ ಮೇಲೇರುತ್ತದೆ. ಬಲಗೈಯಲ್ಲಿ ಸೈಕ್ಲಿಕ್. ಅದು ಯಾವ ಕಡೆ ವಾಲಿದರೆ ಹೆಲಿಕಾಪ್ಟರ್ ಆ ಕಡೆ ಜಾರುತ್ತದೆ. ಕಾಲಿನ ಪೆಡಲ್‌ಗಳು ಬಾಲದ ಚಿಕ್ಕ ರೋಟರ್‌ಗೆ. ಅವು ಮೂತಿ ಯಾವ ದಿಕ್ಕಿಗಿರಬೇಕು ಅಂತ ನೋಡಿಕೊಳ್ಳುತ್ತವೆ. ತೊಂದರೆ ಏನೆಂದರೆ ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ಸರಿಮಾಡಬೇಕು. ಕಲೆಕ್ಟಿವ್ ಎತ್ತಿದ ಕೂಡಲೇ ಮೂತಿ ತಿರುಗುತ್ತದೆ, ಪೆಡಲ್ ಒತ್ತಬೇಕು. ಪೆಡಲ್ ಒತ್ತಿದರೆ ಪಕ್ಕಕ್ಕೆ ಜಾರುತ್ತದೆ, ಸೈಕ್ಲಿಕ್ ಹಿಡಿಯಬೇಕು. ಹೊಸಬರು ಮೊದಮೊದಲು ಫುಟ್‌ಬಾಲ್ ಮೈದಾನದಷ್ಟು ಜಾಗದೊಳಗೂ ಹೆಲಿಕಾಪ್ಟರ್ ನಿಲ್ಲಿಸಲಾರರು. ಬಂಡೆಯ ಪಕ್ಕ ಸಿಗುವ ಜಾಗ ಕೆಲವೇ ಅಡಿ.

ನೆಲದ ಹತ್ತಿರ ನಿಲ್ಲುವುದು ಸ್ವಲ್ಪ ಸುಲಭ. ರೋಟರ್ ತಳ್ಳಿದ ಗಾಳಿ ನೆಲಕ್ಕೆ ತಾಗಿ ಆಸರೆ ಕೊಡುತ್ತದೆ, ಎಂಜಿನ್‌ಗೆ ಕೆಲಸ ಕಡಿಮೆ. ಬೆಟ್ಟದ ಕಡಿದಾದ ಗೋಡೆಯ ಪಕ್ಕ ಈ ಆಸರೆ ಸಿಗುವುದಿಲ್ಲ. ಕೆಳಗೆ ಬರೀ ಖಾಲಿ. ಪೂರ್ತಿ ಭಾರ ಎಂಜಿನ್ ಮೇಲೆ.

ಅದರ ಮೇಲೆ ನಮ್ಮ ಬಿಸಿಲು ಬೇರೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ರೋಟರ್‌ಗೆ ಹಿಡಿತ ಸಿಗುವುದಿಲ್ಲ. ನಂದಿಬೆಟ್ಟದ ಎತ್ತರ 1,478 ಮೀಟರ್, ಅಂದರೆ ಸುಮಾರು 4,850 ಅಡಿ. ವಿಮಾನಯಾನದ ಲೆಕ್ಕದಲ್ಲಿ ಆ ಎತ್ತರದಲ್ಲಿ ಇರಬೇಕಾದ ಉಷ್ಣಾಂಶ ಸುಮಾರು 5 ಡಿಗ್ರಿ. ಮಧ್ಯಾಹ್ನ 30 ಡಿಗ್ರಿ ಇದ್ದರೆ 25 ಡಿಗ್ರಿ ಜಾಸ್ತಿ ಆಯಿತು. ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸಿಕೊಳ್ಳಬೇಕು. ಅಲ್ಲಿಗೆ ಹೆಲಿಕಾಪ್ಟರ್ ಮಟ್ಟಿಗೆ ಆವತ್ತಿನ ನಂದಿ 7,800 ಅಡಿ ಎತ್ತರದ ಬೆಟ್ಟ. ಬೆಳಿಗ್ಗೆ ಆರು ಜನರನ್ನು ಹೊತ್ತು ನಿಲ್ಲುವ ಯಂತ್ರ ಮಧ್ಯಾಹ್ನ ನಾಲ್ಕು ಜನಕ್ಕೇ ಉಸ್ಸಪ್ಪಾ ಅನ್ನಬಹುದು. ಹೊರಡುವ ಮುಂಚೆ ಪೈಲಟ್ ಈ ಲೆಕ್ಕ ಹಾಕಿ, ಎಷ್ಟು ಇಂಧನ ಇಟ್ಟುಕೊಳ್ಳಬೇಕು, ಎಷ್ಟು ಜನರನ್ನು ಎತ್ತಬಹುದು ಅಂತ ತೀರ್ಮಾನಿಸಿರಬೇಕು. "ಭೌತಶಾಸ್ತ್ರ ಯಾಕೆ ಓದಬೇಕು" ಅನ್ನುವ ಮಕ್ಕಳಿಗೆ ನಾನು ಈ ಲೆಕ್ಕವನ್ನೇ ಕೊಡುತ್ತೇನೆ.

ಇಷ್ಟೆಲ್ಲ ಆದ ಮೇಲೂ ಅಸಲಿ ಕಷ್ಟ ಬಾಕಿ ಇದೆ. ತಾನು ಎತ್ತಬೇಕಾದ ಮನುಷ್ಯ ಪೈಲಟ್‌ಗೆ ಕಾಣುವುದೇ ಇಲ್ಲ! ಅವನು ಹೊಟ್ಟೆಯ ಕೆಳಗೆ, ಬಾಗಿಲ ಪಕ್ಕ, ತಂತಿಯ ತುದಿಯಲ್ಲಿ ಇರುತ್ತಾನೆ. ಪೈಲಟ್ ಮುಂದೆ ಕಾಣುವ ಒಂದು ಮರವನ್ನೋ, ಬಂಡೆಯ ಬಿರುಕನ್ನೋ ಗುರುತು ಮಾಡಿಕೊಂಡು ಅದು ಅಲ್ಲಾಡದಂತೆ ಹೆಲಿಕಾಪ್ಟರ್ ಹಿಡಿಯುತ್ತಾನೆ. ಕೆಳಗೆ ಏನಾಗುತ್ತಿದೆ ಅಂತ ಹೇಳುವವರು ಬಾಗಿಲಲ್ಲಿ ಮಂಡಿಯೂರಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಹೊರಗೆ ಬಗ್ಗಿ ನೋಡುತ್ತಿರುವ ವಿಂಚ್ ಆಪರೇಟರ್. ಹೆಡ್‌ಸೆಟ್‌ನಲ್ಲಿ ಅವರ ದನಿ ಒಂದೇ ಸಮನೆ ಬರುತ್ತಿರುತ್ತದೆ: "ಫಾರ್ವರ್ಡ್ ಟೆನ್... ಫಾರ್ವರ್ಡ್ ಫೈವ್... ತ್ರೀ... ಟೂ... ಒನ್... ಸ್ಟೆಡಿ." ಇಷ್ಟು ಮುಂದೆ, ಇಷ್ಟು ಬಲಕ್ಕೆ, ನಿಲ್ಲು. ಆ ದನಿ ನಿಂತರೆ ಪೈಲಟ್ ಕುರುಡ. ನನ್ನನ್ನು ಕೇಳಿದರೆ ಈ ಕೆಲಸದ ತಿರುಳು ಇರುವುದು ಇಲ್ಲೇ. ತನ್ನ ಕಣ್ಣಿಗೆ ಕಾಣದ್ದನ್ನು ಇನ್ನೊಬ್ಬರ ಮಾತು ನಂಬಿ ಮಾಡುವುದು. ಸಿನಿಮಾದಲ್ಲಿ ತೋರಿಸುವ ಒಂಟಿ ಹೀರೋಗೆ ಇಲ್ಲಿ ಜಾಗವಿಲ್ಲ.

ತಂತಿಗೂ ಅದರದೇ ಹಟ. ಬಾವಿಯಿಂದ ಕೊಡ ಸೇದುವಾಗ ಕೈ ಸ್ವಲ್ಪ ಆಚೀಚೆ ಆದರೂ ಕೊಡ ಹೋಗಿ ಗೋಡೆಗೆ ಬಡಿಯುತ್ತದಲ್ಲ, ತಂತಿಯಲ್ಲಿ ತೂಗುವ ಮನುಷ್ಯನದೂ ಅದೇ ಪಾಡು. ಅವನು ಓಲಾಡುವುದನ್ನು ನೋಡಿ ಪೈಲಟ್ ಹೆಲಿಕಾಪ್ಟರ್ ಅಲುಗಿಸಲು ಹೋದರೆ ಓಲಾಟ ಇನ್ನೂ ಜಾಸ್ತಿ. ಅದನ್ನು ತಂತಿ ಹಿಡಿದವರೇ ಕೈಯಿಂದ ಸಮಾಧಾನ ಮಾಡಬೇಕು, ಪೈಲಟ್ ಸುಮ್ನೆ ನಿಲ್ಲಬೇಕು. ಜಾಸ್ತಿ ಎತ್ತರದಲ್ಲಿ ನಿಂತರೆ ತಂತಿ ಉದ್ದವಾಗಿ ಓಲಾಟ ಹೆಚ್ಚುತ್ತದೆ. ಕೆಳಗಿಳಿದರೆ ರೋಟರ್‌ನ ಗಾಳಿ ಬಂಡೆಯ ಅಂಚಿನಲ್ಲಿ ಕೂತವನನ್ನೇ ತಳ್ಳಿಬಿಡಬಹುದು. ಎಂಐ-17ರ ರೋಟರ್ ಅಗಲ 21 ಮೀಟರ್ ದಾಟುತ್ತದೆ, ಪೂರ್ತಿ ತುಂಬಿದಾಗ ತೂಕ 13 ಟನ್. ಅಷ್ಟು ತೂಕ ಎತ್ತುವ ಗಾಳಿ ಎಂದರೆ ಸಾಮಾನ್ಯವೇ? ಸಡಿಲ ಕಲ್ಲು, ಮುರಿದ ಕೊಂಬೆ, ತಗಡಿನ ಚಾವಣಿ ಎಲ್ಲ ಹಾರುತ್ತವೆ.

ಇನ್ನು ಕೆಲವು ಸಂಗತಿ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಹಾರುವ ಹೆಲಿಕಾಪ್ಟರ್ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿಕೊಂಡಿರುತ್ತದೆ. ತಂತಿಯ ತುದಿಯ ಕೊಕ್ಕೆ ಮೊದಲು ನೆಲವನ್ನೋ ನೀರನ್ನೋ ಮುಟ್ಟಬೇಕು. ಅದಕ್ಕೆ ಮುಂಚೆ ಯಾರಾದರೂ ಕೈ ಹಾಕಿದರೆ ಬಲವಾದ ಶಾಕ್. ಕೊಕ್ಕೆಯನ್ನು ಮರಕ್ಕೆ, ಕಂಬಕ್ಕೆ ಸಿಕ್ಕಿಸುವಂತೆಯೇ ಇಲ್ಲ. ಹಾಗೇನಾದರೂ ಸಿಕ್ಕಿಕೊಂಡರೆ ಹೆಲಿಕಾಪ್ಟರನ್ನೇ ಕೆಳಗೆ ಎಳೆಯುತ್ತದೆ ಅಂತ ತಂತಿ ಕತ್ತರಿಸಲು ಒಂದು ವ್ಯವಸ್ಥೆ ಇರುತ್ತದೆ. ಗುಂಡಿ ಒತ್ತಿದರೆ ಚಿಕ್ಕ ಸಿಡಿಮದ್ದು ಸಿಡಿದು ತಂತಿ ತುಂಡಾಗುತ್ತದೆ. ತಂತಿಯಲ್ಲಿ ಮನುಷ್ಯ ಇದ್ದಾಗ ಎಂಜಿನ್ ಕೈಕೊಟ್ಟರೆ ಏನು ಮಾಡಬೇಕು ಅನ್ನುವುದನ್ನು ಹೊರಡುವ ಮೊದಲೇ ತಂಡದವರೆಲ್ಲ ಬಾಯಿಬಿಟ್ಟು ಮಾತಾಡಿಕೊಳ್ಳುತ್ತಾರೆ. ಮಾತಾಡಲು ಕಷ್ಟವಾದ ವಿಷಯವೇ. ಆದರೆ ಆ ಗಳಿಗೆಯಲ್ಲಿ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಎಲ್ಲ ರಕ್ಷಣೆಯೂ ನಂದಿಯ ಹಾಗೆ ಸುಖವಾಗಿ ಮುಗಿಯುವುದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ದೇವಘರ್ ಹತ್ತಿರ ತ್ರಿಕೂಟ ಬೆಟ್ಟದ ರೋಪ್‌ವೇ ಕೆಟ್ಟು ಜನ ತೊಟ್ಟಿಲುಗಳಲ್ಲಿ ಸಿಕ್ಕಿಕೊಂಡಾಗ ವಾಯುಪಡೆ ಹತ್ತಾರು ಜನರನ್ನು ಎತ್ತಿತು. ಆದರೆ ಎತ್ತುವಾಗಲೇ ಇಬ್ಬರು ಕೆಳಗೆ ಬಿದ್ದು ತೀರಿಕೊಂಡರು. 2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರ್ ಆಚೆ ಸಮುದ್ರದಲ್ಲಿ ಹಡಗಿನ ಗಾಯಾಳುವನ್ನು ಕರೆತರಲು ಹೋದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ನೀರಿಗೆ ಬಿತ್ತು. ನಾಲ್ವರಲ್ಲಿ ಉಳಿದವರು ಒಬ್ಬರೇ. ಮಕ್ಕಳನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ತರಬೇತಿ ಯಾಕೆ ಅಷ್ಟು ನಿಧಾನ ಅನ್ನುವುದಕ್ಕೆ ಕಾರಣ ಇದು.

ಹಾಗಾದರೆ ಬಾಗಿಲು ಎಲ್ಲಿದೆ? ಖರ್ಚಿಲ್ಲದ ದೊಡ್ಡ ಬಾಗಿಲು ವಾಯುಪಡೆಯದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರುವ ಪರೀಕ್ಷೆ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. 2021ರ ನವೆಂಬರ್ ಪರೀಕ್ಷೆಯಿಂದ ಹೆಣ್ಣುಮಕ್ಕಳಿಗೂ ಅವಕಾಶವಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇದು ನಿಜವಾದ ಅಡ್ಡಿ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಣಿತ ಚೆನ್ನಾಗಿ ಬರುವ ಹುಡುಗ ಇಂಗ್ಲಿಷ್ ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಒಂಬತ್ತನೇ ತರಗತಿಯಿಂದಲೇ ಇಂಗ್ಲಿಷ್ ಪತ್ರಿಕೆ ಓದುವ ಅಭ್ಯಾಸ ಮಾಡಿಕೊಂಡರೆ ಆ ಅಡ್ಡಿ ಅರ್ಧ ಕಡಿಮೆಯಾಗುತ್ತದೆ.

ಡಿಗ್ರಿ ಆದವರಿಗೆ ಎಎಫ್‌ಕ್ಯಾಟ್ ಎಂಬ ವಾಯುಪಡೆಯ ಪ್ರವೇಶ ಪರೀಕ್ಷೆ ಇದೆ. ವಯಸ್ಸು 20ರಿಂದ 24. ಡಿಗ್ರಿ ಯಾವುದಾದರೂ ಆಗಬಹುದು, ಬಿ.ಕಾಂ ಕೂಡ. ಆದರೆ 60 ಶೇಕಡಾ ಬೇಕು, ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಎರಡರಲ್ಲೂ 50 ಶೇಕಡಾ ಇರಲೇಬೇಕು. ಹತ್ತನೇ ತರಗತಿ ಮುಗಿಸಿ ವಾಣಿಜ್ಯ ವಿಭಾಗಕ್ಕೆ ಹೋದವರಿಗೆ ಈ ಬಾಗಿಲು ಅಲ್ಲೇ ಮುಚ್ಚುತ್ತದೆ. ಪೈಲಟ್ ಆಗುವ ಆಸೆ ಇರುವ ಮಗು ಈ ಒಂದು ತೀರ್ಮಾನವನ್ನು 16ನೇ ವಯಸ್ಸಿನಲ್ಲೇ ಸರಿಯಾಗಿ ತೆಗೆದುಕೊಳ್ಳಬೇಕು.

ಲಿಖಿತ ಪರೀಕ್ಷೆ ದಾಟಿದವರನ್ನು ಆಯ್ಕೆ ಮಂಡಳಿಗೆ ಕರೆಯುತ್ತಾರೆ. ವಾಯುಪಡೆಯ ಅಂಥ ಮಂಡಳಿ ನಮ್ಮ ಮೈಸೂರಿನಲ್ಲೂ ಇದೆ. ಕೆಲವು ದಿನ ಅಲ್ಲೇ ಉಳಿಸಿಕೊಂಡು ಮಾತು, ಬರಹ, ಮೈದಾನದ ಗುಂಪು ಕೆಲಸ, ಸಂದರ್ಶನ ಎಲ್ಲ ನೋಡುತ್ತಾರೆ. ಪೈಲಟ್ ಆಗಬಯಸುವವರಿಗೆ ಇನ್ನೊಂದು ಪರೀಕ್ಷೆ ಉಂಟು, ಸಿಪಿಎಸ್‌ಎಸ್ ಅಂತ, ಕಂಪ್ಯೂಟರ್ ಮೇಲೆ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ. ವಿಮಾನದ ಮೀಟರ್‌ಗಳನ್ನು ಓದಬೇಕು, ಪರದೆ ನೋಡುತ್ತಾ ಕೈ ಕಾಲು ಎರಡನ್ನೂ ಒಟ್ಟಿಗೆ ಆಡಿಸಬೇಕು. ಇದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಲು ಬಿಡುತ್ತಾರೆ. ಫೇಲಾದರೆ ವಾಯುಪಡೆಯ ಪೈಲಟ್ ಆಗುವ ಕನಸು ಮುಗಿಯಿತು. ಕ್ರೂರ ಅನ್ನಿಸಬಹುದು. ಎಡಗೈ ಒಂದು, ಬಲಗೈ ಇನ್ನೊಂದು, ಕಾಲು ಮತ್ತೊಂದು ಮಾಡಬೇಕಾದ ಕೆಲಸಕ್ಕೆ ಇದು ತಕ್ಕ ಜರಡಿಯೇ ಅನ್ನುವುದು ನನ್ನ ಅಭಿಪ್ರಾಯ.

ಆಯ್ಕೆಯಾದವರು ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಹೋಗುತ್ತಾರೆ. ಎನ್‌ಡಿಎ ಮೂಲಕ ಬಂದವರು ಅದಕ್ಕೂ ಮುಂಚೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಕಳೆದಿರುತ್ತಾರೆ. ಎಎಫ್‌ಕ್ಯಾಟ್‌ನವರಿಗೆ ಒಟ್ಟು ತರಬೇತಿ ಒಂದು ವರ್ಷಕ್ಕೂ ಜಾಸ್ತಿ. ಹಣ ಕಟ್ಟುವ ಮಾತಿಲ್ಲ, ಬದಲಿಗೆ ಕೊನೆಯ ಒಂದು ವರ್ಷ ತಿಂಗಳಿಗೆ 56,100 ರೂಪಾಯಿ ಅವರೇ ಕೊಡುತ್ತಾರೆ. ಮೊದಲು ಎಲ್ಲರೂ ಕಲಿಯುವುದು ಪಿಲಾಟಸ್ ಎಂಬ ಚಿಕ್ಕ ವಿಮಾನದಲ್ಲಿ. ಆಮೇಲೆ ಫೈಟರ್, ಸಾಗಣೆ, ಹೆಲಿಕಾಪ್ಟರ್ ಅಂತ ದಾರಿ ಕವಲೊಡೆಯುತ್ತದೆ. ಯಾವ ಕವಲು ಅನ್ನುವುದು ಅಂಕ ಮತ್ತು ಸೇನೆಯ ಅಗತ್ಯದ ಮೇಲೆ ನಿಂತಿದೆ. ನಿಮ್ಮ ಆಸೆ ಕೇಳುತ್ತಾರೆ, ಆದರೆ ಕೇಳಿದ್ದೇ ಕೊಡುತ್ತಾರೆ ಅಂತೇನಿಲ್ಲ.

ಹೆಲಿಕಾಪ್ಟರ್ ಸಿಕ್ಕವರು ಹಕೀಂಪೇಟೆಯ ಹೆಲಿಕಾಪ್ಟರ್ ತರಬೇತಿ ಶಾಲೆಯಲ್ಲಿ ಚೇತಕ್ ಎಂಬ ಚಿಕ್ಕ ಹೆಲಿಕಾಪ್ಟರ್ ಹಾರಿಸುತ್ತಾರೆ. ಗಾಳಿಯಲ್ಲಿ ನಿಲ್ಲಿಸುವುದು ಇಲ್ಲೇ ಮೈಗೂಡಬೇಕು. ಎಂಜಿನ್ ನಿಂತರೆ ಕಲೆಕ್ಟಿವ್ ಕೆಳಗೊತ್ತಿ, ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ರೋಟರ್ ತಿರುಗಿಸಿಕೊಂಡು ನೆಲ ಸೇರುವ ಆಟೋರೊಟೇಶನ್ ಕೂಡ ಇಲ್ಲೇ. ಎಂಐ-17ಕ್ಕೆ ಹೋಗುವವರ ಮುಂದಿನ ತರಬೇತಿ ನಮ್ಮ ಪಕ್ಕದ ಯಲಹಂಕದಲ್ಲಿ ನಡೆಯುತ್ತದೆ. 2019ರಲ್ಲಿ ಎಂಐ-17 ಹಾರಿಸಿದ ಮೊದಲ ಪೂರ್ಣ ಮಹಿಳಾ ತಂಡದ ಪೈಲಟ್‌ಗಳೂ ಹಕೀಂಪೇಟೆ ಮುಗಿಸಿ ಯಲಹಂಕದಲ್ಲೇ ಪಳಗಿದವರು. ಪಾರುಲ್ ಭಾರದ್ವಾಜ್, ಅಮನ್ ನಿಧಿ ಪೈಲಟ್‌ಗಳು, ಹೀನಾ ಜೈಸ್ವಾಲ್ ಫ್ಲೈಟ್ ಎಂಜಿನಿಯರ್.

ಇಷ್ಟು ಮುಗಿಸಿದವರು ಘಟಕಕ್ಕೆ ಹೋಗಿ ಕೂರುವುದು ಸಹ-ಪೈಲಟ್ ಸೀಟಿನಲ್ಲಿ. ಮೋಡ, ಮಳೆಯಲ್ಲಿ ಬರೀ ಮೀಟರ್ ನೋಡಿ ಹಾರುವುದಕ್ಕೆ ವೈಟ್, ಗ್ರೀನ್, ಮಾಸ್ಟರ್ ಗ್ರೀನ್ ಅಂತ ದರ್ಜೆಗಳಿವೆ, ಒಂದೊಂದಾಗಿ ಗಳಿಸಬೇಕು. ಕತ್ತಲಲ್ಲೂ ಕಾಣಿಸುವ ಕನ್ನಡಕ ಹಾಕಿಕೊಂಡು ರಾತ್ರಿ ಹಾರುವುದು, ಬೆಟ್ಟದ ಗಾಳಿ ಓದುವುದು, ವಿಂಚ್ ಕೆಲಸ ಎಲ್ಲ ಹೀಗೆ ಸೇರುತ್ತಾ ಹೋಗುತ್ತವೆ. 2021ರ ನವೆಂಬರ್‌ನಲ್ಲಿ ಚಿತ್ರಾವತಿ ಉಕ್ಕಿದ್ದು ನೆನಪಿದೆಯಾ? ಚಿಕ್ಕಬಳ್ಳಾಪುರದ ಬೆಟ್ಟಗಳಲ್ಲಿ ಹುಟ್ಟಿ ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೋಗುವ ನದಿ. ಅನಂತಪುರ ಜಿಲ್ಲೆಯಲ್ಲಿ ಹೊಳೆಯ ಮಧ್ಯೆ ಜೆಸಿಬಿ ಮೇಲೆ ಸಿಕ್ಕಿಕೊಂಡಿದ್ದ ಹತ್ತು ಜನರನ್ನು ಎತ್ತಿದ್ದು ಯಲಹಂಕದಿಂದ ಹೋದ ಎಂಐ-17. ಕೆಟ್ಟ ಹವೆಯಲ್ಲಿ ಹಾಗೆ ಹೊರಡಲು ಆ ದರ್ಜೆಗಳು ಬೇಕು.

ಸಮುದ್ರದ ಕಡೆ ಮನಸ್ಸಿದ್ದರೆ ನೌಕಾಪಡೆ, ಕೋಸ್ಟ್ ಗಾರ್ಡ್ ಇವೆ. ಕೋಲಾರದವರು ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತಿದರೆ ದಾರಿಯಲ್ಲಿ ಅರಕ್ಕೋಣಂ ಸಿಗುತ್ತದಲ್ಲ, ನೌಕಾಪಡೆಯ ಹೆಲಿಕಾಪ್ಟರ್ ಶಾಲೆ ಅಲ್ಲಿನ ಐಎನ್‌ಎಸ್ ರಾಜಾಲಿಯಲ್ಲಿದೆ. ಸಮುದ್ರದ ಮೇಲೆ ಗುರುತಿಗೆ ಮರವೂ ಇಲ್ಲ, ಬಂಡೆಯೂ ಇಲ್ಲ. ಅಲೆ ಓಡುತ್ತಿದ್ದರೆ ತಾನೇ ಓಡುತ್ತಿದ್ದೇನೆ ಅನ್ನಿಸುತ್ತದೆ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ತಲೆಯ ಮೇಲಿರುವುದರಿಂದ ನೀರಿಗೆ ಬಿದ್ದ ಹೆಲಿಕಾಪ್ಟರ್ ಬೇಗ ತಲೆಕೆಳಗಾಗುತ್ತದೆ. ಅದಕ್ಕೇ ಕೊಚ್ಚಿಯ ಐಎನ್‌ಎಸ್ ಗರುಡದಲ್ಲಿ ಒಂದು ತರಬೇತಿ ಕೊಳ ಇದೆ. ಹೆಲಿಕಾಪ್ಟರ್‌ನ ಹೊಟ್ಟೆಯಂಥ ಡಬ್ಬಿಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿ ನೀರಿನಲ್ಲಿ ಮುಳುಗಿಸಿ ತಿರುವಿಹಾಕುತ್ತಾರೆ. ಉಸಿರು ಬಿಗಿಹಿಡಿದು, ಒಂದು ಕೈ ಕಿಟಕಿಯ ಅಂಚಿನಿಂದ ತೆಗೆಯದೆ, ಇನ್ನೊಂದು ಕೈಯಲ್ಲಿ ಬೆಲ್ಟ್ ಬಿಚ್ಚಿ ಹೊರಬರಬೇಕು. ಕಿಟಕಿ ಬಿಟ್ಟರೆ ಮೇಲು ಕೆಳಗು ಗೊತ್ತಾಗುವುದಿಲ್ಲ. 2018ರ ಕೇರಳ ಪ್ರವಾಹದಲ್ಲಿ ತುಂಬು ಗರ್ಭಿಣಿಯೊಬ್ಬರನ್ನು ಎತ್ತಿದ ಕಮಾಂಡರ್ ವಿಜಯ್ ವರ್ಮಾ ನೌಕಾಪಡೆಯವರು. ಆ ತಾಯಿಗೆ ಅಂದೇ ಹೆರಿಗೆಯಾಯಿತು. ಭೂಸೇನೆಗೂ ತನ್ನದೇ ಹೆಲಿಕಾಪ್ಟರ್‌ಗಳಿವೆ, ಅವರ ಶಾಲೆ ನಾಸಿಕ್‌ನಲ್ಲಿದೆ.

ಪೈಲಟ್ ಸೀಟು ಸಿಗಲಿಲ್ಲ ಅಂದರೆ ಹೆಲಿಕಾಪ್ಟರ್ ಒಳಗೆ ಬೇರೆ ಜಾಗವೇ ಇಲ್ಲ ಅಂದುಕೊಳ್ಳಬೇಡಿ. ತಂತಿಯಲ್ಲಿ ಇಳಿಯುವವರು, ಬಾಗಿಲಲ್ಲಿ ಕೂತು ದನಿ ಕೊಡುವವರು, ಎಂಜಿನ್ ಮೀಟರ್ ಕಾಯುವವರು ಪೈಲಟ್‌ಗಳಲ್ಲ. ಅವರಿಗೂ ಬೇರೆ ಬೇರೆ ನೇಮಕಾತಿ ದಾರಿಗಳಿವೆ. ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಓದಿದ ನಮ್ಮ ಕಡೆಯ ಹುಡುಗರು ಈ ಬಗ್ಗೆ ಯೋಚಿಸುವುದೇ ಕಡಿಮೆ.

ಖಾಸಗಿ ದಾರಿ ಬೇರೆ. 18 ವರ್ಷ ತುಂಬಿ, ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇದ್ದರೆ ಡಿಜಿಸಿಎ ಎಂಬ ನಾಗರಿಕ ವಿಮಾನಯಾನ ಇಲಾಖೆಯ ನಿಯಮದಂತೆ ಹೆಲಿಕಾಪ್ಟರ್ ವಾಣಿಜ್ಯ ಲೈಸೆನ್ಸ್ ಪಡೆಯಬಹುದು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಇದೆ. ಜಕ್ಕೂರಿನ ಸರ್ಕಾರಿ ಶಾಲೆಯ ಹೆಸರು ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಕಲಿಸುವುದು ವಿಮಾನ. ಹೆಲಿಕಾಪ್ಟರ್‌ನ ಒಂದು ಗಂಟೆಯ ಖರ್ಚು ಚಿಕ್ಕ ವಿಮಾನಕ್ಕಿಂತ ಎಷ್ಟೋ ಜಾಸ್ತಿ. ಲೆಕ್ಕ ಹಲವು ಹತ್ತು ಲಕ್ಷಕ್ಕೆ ಹೋಗುತ್ತದೆ. ಜಮೀನು ಮಾರಿ ಕಲಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಲೈಸೆನ್ಸ್ ಸಿಕ್ಕ ಕೂಡಲೇ ಕೆಲಸವೂ ಕಾದಿರುವುದಿಲ್ಲ, ಯಾಕೆಂದರೆ ಕಂಪನಿಗಳಿಗೆ ಬೇಕಾದ್ದು ಹಾರಾಟದ ಗಂಟೆಗಳು. ಆ ಗಂಟೆಗಳಿರುವ ನಿವೃತ್ತ ಸೇನಾ ಪೈಲಟ್‌ಗಳು ಸಾಲಿನಲ್ಲಿ ಮುಂದೆ ನಿಂತಿರುತ್ತಾರೆ. ಆದರೂ ಈ ಕಡೆ ಹೊಸ ಕೆಲಸ ಹುಟ್ಟುತ್ತಿದೆ. 2024ರ ಅಕ್ಟೋಬರ್‌ನಲ್ಲಿ ರಿಷಿಕೇಶದ ಏಮ್ಸ್ ಆಸ್ಪತ್ರೆಯಿಂದ ಹೆಲಿಕಾಪ್ಟರ್ ಆಂಬುಲೆನ್ಸ್ ಸೇವೆ ಶುರುವಾಯಿತು.

ಕೊನೆಗೆ, ಕೋಚಿಂಗ್ ಫೀಸ್ ಕಟ್ಟುವ ಮುಂಚೆ ಮಾಡಬೇಕಾದ ಒಂದು ಕೆಲಸ. ವಾಯುಪಡೆಯ ಪೈಲಟ್‌ಗೆ ಕನಿಷ್ಠ ಎತ್ತರ 162.5 ಸೆಂ.ಮೀ. ಕಾಲಿನ ಉದ್ದ 99ರಿಂದ 120 ಸೆಂ.ಮೀ ಒಳಗೆ, ತೊಡೆಯ ಉದ್ದ 64 ಸೆಂ.ಮೀ ಮೀರದಂತೆ, ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ ಒಳಗೆ ಇರಬೇಕು. ತುಂಬಾ ಉದ್ದ ಇದ್ದರೂ ಕಾಕ್‌ಪಿಟ್‌ಗೆ ಹಿಡಿಸುವುದಿಲ್ಲ. ಬಣ್ಣ ಗುರುತಿಸುವ ದೋಷವಿದ್ದರೆ ಎಷ್ಟು ಓದಿದರೂ ಪ್ರಯೋಜನವಿಲ್ಲ. ಎಷ್ಟೋ ಹುಡುಗರಿಗೆ ಆ ದೋಷ ಇರುವುದೇ ಗೊತ್ತಿರುವುದಿಲ್ಲ, ಎಲ್ಲ ಮುಗಿದು ಮೆಡಿಕಲ್‌ನಲ್ಲಿ ಹೊರಬೀಳುತ್ತದೆ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದಿಸುವ ಪುಸ್ತಕ ಕಣ್ಣಿನ ಡಾಕ್ಟರ ಹತ್ತಿರ ಇರುತ್ತದೆ. ಮೊದಲು ಅವರ ಹತ್ತಿರ ಹೋಗಿ ಅದನ್ನು ತೋರಿಸಲು ಹೇಳಿ.